ಚೀಟಿ ಮಾಮ ಸರಿ ಮಾಡಿದ ಹೆಸರು

ನಮ್ಮ ಎದುರುಮನೆಯ ಚೀಟಿ ಮಾಮ ಒಳ್ಳೆಯವರು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಸಂಶಯ ಹುಟ್ಟಿದ್ದು ಅವರು ಹೆಂಡತಿಗೂ ಒಳ್ಳೆಯವರಾದ ವಾರ.

ನನಗೆ ಪರರ ಮನೆಯ ವಿಷಯದಲ್ಲಿ ಆಸಕ್ತಿಯಿಲ್ಲ. ಆದರೆ ಅವರ ಬಾಗಿಲಿಗೂ ನನ್ನ ಬಾಗಿಲಿಗೂ ನಡುವೆ ಇರುವುದು ಚಪ್ಪಲಿ ಬಿಡುವಷ್ಟು ಜಾಗ. ಆ ಮನೆಯಲ್ಲಿ ಯಾರಾದರೂ ಪಿಸುಗುಟ್ಟಿದರೆ ಈ ಮನೆಯಲ್ಲಿ ನಾನು ಟೀವಿಯ ಸದ್ದು ಸಣ್ಣ ಮಾಡಿಕೊಳ್ಳಬೇಕಾಗುತ್ತದೆ, ಇಲ್ಲದಿದ್ದರೆ ಸರಿಯಾಗಿ ಕೇಳಿಸುವುದಿಲ್ಲ. ಹೀಗಾಗಿ ಈ ಪ್ರಕರಣದಲ್ಲಿ ನಾನು ಸಾಕ್ಷಿಯಷ್ಟೇ ಆಗಿರಬೇಕಿತ್ತು. ಮಾಮ ನನ್ನನ್ನು ಆರೋಪಿಯನ್ನಾಗಿಯೂ ಮಾಡಿದರು.

ಮಾಮ ನೀರು ಸರಬರಾಜು ಕಚೇರಿಯ ಉಗ್ರಾಣ ನೋಡಿಕೊಂಡು ನಿವೃತ್ತರಾದವರು. ನಲ್ಲಿ, ವಾಲ್ವು, ವಾಷರುಗಳ ನಡುವೆ ತಲೆಗೂದಲು ನರೆಸಿಕೊಂಡವರು. ಹೆಸರಿಲ್ಲದ ಸಾಮಾನು ಇದ್ದೂ ಇಲ್ಲದ ಸಾಮಾನು ಎಂಬುದು ಅವರ ಸಿದ್ಧಾಂತ. ನಿವೃತ್ತಿಯಾದ ಮರುದಿನವೇ ಆ ಸಿದ್ಧಾಂತವನ್ನು ಮನೆಗೆ ತಂದರು. ಸಕ್ಕರೆ ಡಬ್ಬಿಯ ಮೇಲೆ 'ಸಕ್ಕರೆ' ಎಂಬ ಚೀಟಿ, ಅದರ ಮುಚ್ಚಳದ ಮೇಲೆ 'ಸಕ್ಕರೆಯ ಮುಚ್ಚಳ' ಎಂಬ ಚೀಟಿ. ಸ್ವಿಚ್ ಬೋರ್ಡಿನಲ್ಲಿ 'ಫ್ಯಾನು', 'ದೀಪ', 'ಇನ್ನೊಂದು ದೀಪ' ಎಂದು ಬರೆದು, ಒತ್ತಿದರೂ ಏನೂ ಆಗದ ಕೊನೆಯ ಸ್ವಿಚ್ಚಿಗೆ 'ವಿಚಾರಣೆಯಲ್ಲಿದೆ' ಎಂದು ಅಂಟಿಸಿದ್ದರು. ಚೀಟಿ ಮಾಮ ಎಂದು ಹೆಸರಿಟ್ಟವರು ಕಟ್ಟಡದ ಮಕ್ಕಳು. ದೊಡ್ಡವರಾದ ನಾವೂ ಸಂಕೋಚಪಟ್ಟುಕೊಂಡೇ ಅದನ್ನು ಬಳಸತೊಡಗಿದೆವು, ಈಗ ಸಂಕೋಚವೂ ಉಳಿದಿಲ್ಲ.

ಅವರ ಹೆಂಡತಿಯನ್ನು ನಾವೆಲ್ಲ ಅತ್ತೆ ಎನ್ನುತ್ತೇವೆ. ಮನೆಯಲ್ಲಿ ಚೀಟಿಯಿಲ್ಲದ ಒಂದೇ ವಸ್ತು ಅತ್ತೆಯ ಲ್ಯಾಪ್‌ಟಾಪು. ಮಗಳು ತನ್ನ ಹಳೆಯದನ್ನು ಕೊಟ್ಟಿದ್ದಳು. ಅತ್ತೆ ಅದರಲ್ಲಿ ಸಿನಿಮಾ ನೋಡುತ್ತಿರಲಿಲ್ಲ, ಯಾರಿಗೂ ಶುಭಾಶಯ ಕಳಿಸುತ್ತಿರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಕೈಮಾತು ಕಲಿಯುತ್ತಿದ್ದರು.

ಮಗಳ ಮಗಳಿಗೆ ಐದು ವರ್ಷ, ಹುಟ್ಟಿನಿಂದ ಕಿವಿ ಕೇಳಿಸದು. ಮಗಳು ಅಳಿಯ ಇಬ್ಬರೂ ಮಗುವಿನ ಜೊತೆಗೇ ಸಂಜ್ಞೆಗಳ ಭಾಷೆ ಕಲಿತು ಮನೆಯಲ್ಲಿ ಅದರಲ್ಲೇ ಹರಟುತ್ತಾರೆ, ಜಗಳವನ್ನೂ ಅದರಲ್ಲೇ ಆಡುತ್ತಾರೆ. ಹಿಂದಿನ ಸಲ ಬಂದಾಗ ಮಗು ಅಜ್ಜಿಯ ಮುಂದೆ ನಿಂತು ಎರಡೂ ಕೈಯಾಡಿಸುತ್ತ ಏನೋ ಉದ್ದಕ್ಕೆ ಹೇಳಿತು. ಅತ್ತೆಗೆ ಒಂದಕ್ಷರ ತಿಳಿಯಲಿಲ್ಲ. ನಕ್ಕು ಒಂದು ಬಿಸ್ಕತ್ತು ಕೊಟ್ಟರು. ಮಗು ಬಿಸ್ಕತ್ತು ತೆಗೆದುಕೊಂಡು, ಕೈ ಇಳಿಬಿಟ್ಟು, ಕಿಟಕಿಯ ಹತ್ತಿರ ಹೋಗಿ ಕೂತಿತು. ಊರಿಗೆ ಹೊರಡುವವರೆಗೂ ಅಜ್ಜಿಯ ಹತ್ತಿರ ಮತ್ತೆ ಮಾತು ತೆಗೆಯಲಿಲ್ಲ. ಅವರ ಗಾಡಿ ತಿರುವು ದಾಟಿದ ಮೇಲೆ ಅತ್ತೆ ಒಳಗೆ ಬಂದು ಲ್ಯಾಪ್‌ಟಾಪು ತೆರೆದರು. ಅಂದಿನಿಂದ ತಪ್ಪದೆ ಪಾಠ. ಈಗ ಬರುವ ಭಾನುವಾರ ಮಗು ಮತ್ತೆ ಬರುವುದಿತ್ತು, ಪಾಠಗಳು ಇನ್ನೂ ಸ್ವಲ್ಪ ಉಳಿದಿದ್ದವು.

ವಾರದ ಆರಂಭದಲ್ಲಿ ಒಂದು ಬೆಳಿಗ್ಗೆ ಅತ್ತೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಮಾಮನಿಗೆ ಹೆಂಡತಿಗೊಂದು ಉಪಕಾರ ಮಾಡುವ ಮನಸ್ಸಾಯಿತು. ನಮ್ಮ ಮಾಮನಂಥವರಿಗೆ ಉಪಕಾರ ಎಂದರೆ ಅಚ್ಚುಕಟ್ಟು ಮಾಡುವುದು. ಲ್ಯಾಪ್‌ಟಾಪಿನೊಳಗೆ ಕೈಹಾಕಿ, ಫೋಲ್ಡರಿನೊಳಗಿನ ಫೋಲ್ಡರಿನೊಳಗೆ ಇಳಿಯುತ್ತ ಹೋದಾಗ ಒಂದು ಕಡೆ ಯಾರೋ ಕಣ್ಣು ಮುಚ್ಚಿಕೊಂಡು ಕುಟ್ಟಿದಂಥ ಅಕ್ಷರಗಳು, ನಡುವೆ ಅಂಕಿಗಳು, ಹಿಂದೊಂದು ಚುಕ್ಕೆ ಇರುವ ಹೆಸರು ಸಿಕ್ಕಿತು. ಬ್ರೌಸರು ಅತ್ತೆಗೆ ಸಂಬಂಧಪಟ್ಟದ್ದನ್ನೆಲ್ಲ, ಅಂದರೆ ಪಾಠದ ಪುಟಗಳು, ಗುರುತುಗಳು, ಪಾಸ್‌ವರ್ಡುಗಳನ್ನು ಕಟ್ಟಿಟ್ಟ ಗಂಟು ಅದು. ಅದನ್ನೇ ಪ್ರೊಫೈಲು ಎನ್ನುತ್ತಾರೆ. ಒಳಗಿದ್ದದ್ದು ಹೆಂಡತಿಯ ಸಾಮಾನು ಎಂದು ಮಾಮನಿಗೆ ಅಂದಾಜಾಯಿತು. ಹೆಂಡತಿಯ ಸಾಮಾನಿಗೆ ಇಂಥ ಹೆಸರೇ ಎಂದು ಬೇಸರಪಟ್ಟು, ಅಲ್ಲೇ ಅಳಿಸಿ, ಶುದ್ಧ ಕನ್ನಡದಲ್ಲಿ ಮರ್ಯಾದೆಯ ಹೆಸರೊಂದನ್ನು ಟೈಪು ಮಾಡಿ, ತೃಪ್ತರಾಗಿ ಚಹಾ ಕುಡಿದರು.

ಚಹಾ ಮುಗಿಸಿ ಬ್ರೌಸರು ತೆರೆದರೆ ಸಣ್ಣದೊಂದು ಚೌಕ ಎದ್ದು ನಿಂತಿತು: ನಿಮ್ಮ ಪ್ರೊಫೈಲ್ ತೆರೆಯಲಾಗಲಿಲ್ಲ, ಅದು ಕಾಣೆಯಾಗಿರಬಹುದು.

ನನ್ನ ಮನೆಯ ಗಂಟೆ ಬಡಿದುಕೊಂಡದ್ದು ಆಗ. ನಾನು ವಿಮಾ ಕಚೇರಿಯ ಗುಮಾಸ್ತ. ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಒಂದೇ ಕೆಲಸ ಮಾಡುವುದರಿಂದ ಕಟ್ಟಡದಲ್ಲಿ ನನಗೆ ತಜ್ಞನೆಂಬ ಹೆಸರಿದೆ, ಅದನ್ನು ನಾನು ನಿರಾಕರಿಸಿಲ್ಲ.

"ನೀವೇನಾದ್ರೂ ಮಾಡಿದ್ರಾ ಮಾಮ?" ಎಂದು ಕೇಳಿದೆ.

"ಕೆಡಿಸೋ ಅಂಥದ್ದು ಏನೂ ಮಾಡಿಲ್ಲ" ಎಂದರು. ಅವರು ಸುಳ್ಳು ಹೇಳಲಿಲ್ಲ. ಹೆಸರು ಬರೆದದ್ದರಿಂದ ವಸ್ತು ಕಾಣೆಯಾಗುತ್ತದೆ ಎಂಬುದನ್ನು ಅವರ ಇಡೀ ಸೇವಾವಧಿಯಲ್ಲಿ ಯಾರೂ ಕಂಡಿರಲಿಲ್ಲ.

ನಾನು ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿದೆ. ಬ್ರೌಸರನ್ನು ಕಿತ್ತು ಮತ್ತೆ ಹಾಕಿದೆ. ಚೌಕ ಮಾತ್ರ ಕದಲಲಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಪಾಠ ತೆರೆಯೋಣವೆಂದರೆ ಪಾಸ್‌ವರ್ಡು ಬೇಕು. ಅದನ್ನು ನೆನಪಿಟ್ಟುಕೊಳ್ಳುವ ಜವಾಬ್ದಾರಿಯನ್ನು ಅತ್ತೆ ಎಂದೋ ಬ್ರೌಸರಿಗೆ ವಹಿಸಿ ತಾವು ಮರೆತಿದ್ದರು.

ಲ್ಯಾಪ್‌ಟಾಪನ್ನು ತರಕಾರಿ ಚೀಲದಲ್ಲಿ ಅಡಗಿಸಿಕೊಂಡು ಬೀದಿ ಕೊನೆಯ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವನು ಯಂತ್ರವನ್ನು ಪೂರ್ತಿ ಚೀಲದಿಂದ ತೆಗೆಯುವ ಮೊದಲೇ ತೀರ್ಪು ಕೊಟ್ಟ.

"ಆಸೆ ಇಟ್ಕೋಬೇಡಿ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು."

"ಅಳಿಸಿದ್ರೆ ನಮ್ಮ ಮನೆಯವಳದ್ದು?" ಎಂದರು ಮಾಮ.

"ಎಲ್ಲರದ್ದೂ ಹೋಗುತ್ತೆ. ನಾವು ಭೇದಭಾವ ಮಾಡಲ್ಲ."

ಮಾಮ ಚೀಲವನ್ನು ಎದೆಗೆ ಅವಚಿಕೊಂಡು ಹೊರಬಂದರು. ಅತ್ತೆಗೆ ವಿಷಯ ತಿಳಿಯಬಾರದು, ಭಾನುವಾರದೊಳಗೆ ಏನಾದರೂ ದಾರಿ ಹುಡುಕಬೇಕು ಎಂದು ನನ್ನಿಂದ ಭಾಷೆ ತೆಗೆದುಕೊಂಡರು. ಸಂಜೆ ನಾನು ಟೀವಿಯ ಸದ್ದು ಸಣ್ಣ ಮಾಡಿ ಕೇಳಿಸಿಕೊಂಡಂತೆ, ಹೆಂಡತಿಗೆ ಹೇಳಿದ ವಿವರಣೆ ಹೀಗಿತ್ತು: "ಎದುರುಮನೆಯವನ ಕಂಪ್ಯೂಟರ್ ಕೆಟ್ಟಿದೆಯಂತೆ. ಆಫೀಸಿನ ಕೆಲಸ ಮುಗಿಸ್ಬೇಕು ಅಂತ ಕಾಲಿಗೆ ಬೀಳೋ ಹಾಗೆ ಕೇಳಿದ. ಕೊಟ್ಟುಬಿಟ್ಟೆ."

"ಭಾನುವಾರ ಮಗು ಬರ್ತಾಳೆ. ನನ್ನ ಪಾಠ?" ಎಂಬ ಅತ್ತೆಯ ದನಿ ಗೋಡೆ ದಾಟಿ ಬಂತು.

ಮರುದಿನ ಮೆಟ್ಟಿಲ ಮೇಲೆ ಸಿಕ್ಕಾಗ ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನಾನು ಕಾಲಿಗೆ ಬೀಳಬೇಕೆಂದೇ ಅನಿಸಿತು.

ಅತ್ತೆ ಮನೆಯಲ್ಲಿದ್ದರೆ ನನ್ನ ಬಾಗಿಲು ತಟ್ಟುವುದು ಖಂಡಿತ ಎಂದು ಮಾಮನಿಗೆ ಗೊತ್ತಿತ್ತು. ಆದ್ದರಿಂದ ಅವರನ್ನು ಮನೆಯಲ್ಲಿ ಇರಗೊಡದ ಕಾರ್ಯಾಚರಣೆ ಶುರುವಾಯಿತು. ತರಕಾರಿಗೆ ಜೊತೆಗೆ ಹೊರಟರು. ಚೀಲ ತಾವೇ ಹಿಡಿದರು. ಬಿಸಿಲಿಗೆ ಕೊಡೆ ಬಿಚ್ಚಿ, ಅದರ ನೆರಳು ಪೂರ್ತಿ ಹೆಂಡತಿಯ ಮೇಲೆ ಬೀಳುವ ಹಾಗೆ ಓರೆಯಾಗಿ ನಡೆದರು. ಪಾರ್ಕಿನ ಬೆಂಚನ್ನು ಕರವಸ್ತ್ರದಿಂದ ಒರೆಸಿ "ಕೂತ್ಕೋ" ಎಂದರು. ಇದನ್ನೆಲ್ಲ ಕಟ್ಟಡದವರು ಬಾಲ್ಕನಿಗಳಲ್ಲಿ ಸಾಲಾಗಿ ನಿಂತು ನೋಡಿದರು.

ನೆಲಮಹಡಿಯಲ್ಲಿ ನಿವೃತ್ತ ನರ್ಸಮ್ಮ ಇದ್ದಾರೆ. ಅವರಿಗೆ ಆರೋಗ್ಯವಂತರನ್ನು ಕಂಡರೆ ನಂಬಿಕೆಯಿಲ್ಲ.

"ಇಷ್ಟು ವರ್ಷ ಹೆಂಡತಿ ಮುಂದೆ ಹತ್ತು ಹೆಜ್ಜೆ ನಡೀತಿದ್ದ ಮನುಷ್ಯ ಅವರು" ಎಂದು ನನ್ನನ್ನು ಗೇಟಿನ ಹತ್ತಿರ ತಡೆದು ಹೇಳಿದರು. "ಗಂಡಸರು ಈ ವಯಸ್ಸಲ್ಲಿ ಇದ್ದಕ್ಕಿದ್ದಂತೆ ಒಳ್ಳೆಯವರಾದ್ರೆ ಮೊದಲು ರಕ್ತ ಪರೀಕ್ಷೆ ಮಾಡಿಸ್ಬೇಕು."

ನಾನು ಭಾಷೆ ಕೊಟ್ಟವನು, ಸುಮ್ಮನಿದ್ದೆ. ನನ್ನ ಮೌನವನ್ನು ನರ್ಸಮ್ಮ ವೈದ್ಯಕೀಯ ದಾಖಲೆಯೆಂದು ಸ್ವೀಕರಿಸಿದರು.

ಪಾರ್ಕಿನಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತು. ಪಾಠ ನಿಂತುಹೋಗಿದೆ, ಕಲಿತದ್ದೂ ಮರೆತುಹೋಗುತ್ತದೆ ಎಂದು ಅತ್ತೆ ಕೊರಗತೊಡಗಿದಾಗ ಮಾಮ ಧೈರ್ಯ ಮಾಡಿ, "ನನ್ನ ಜೊತೆ ಮಾತಾಡಿ ಅಭ್ಯಾಸ ಮಾಡು" ಎಂದುಬಿಟ್ಟರು. ಅತ್ತೆ ಕಲಿಸಿದರು, ಮಾಮ ಕಲಿತರು. ಉಗ್ರಾಣದಲ್ಲಿ ಪೈಪು ಎತ್ತಿದ ಬೆರಳುಗಳು ಅಷ್ಟು ಸುಲಭಕ್ಕೆ ಮಣಿಯುತ್ತವೆಯೇ. 'ಹಸಿವಾಗಿದೆಯಾ' ಎಂದು ಕೇಳಲು ಹೋದರೆ ಹೊಟ್ಟೆನೋವು ಬಂದವರ ಹಾಗೆ ಕಾಣುತ್ತಿತ್ತು. 'ನಿದ್ದೆ ಬಂತಾ' ಎಂದರೆ ತಲೆ ಒಂದೇ ಕಡೆಗೆ ವಾಲಿ ಅಲ್ಲೇ ಉಳಿಯುತ್ತಿತ್ತು. ಅತ್ತೆ ಅವರ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸರಿಯಾಗಿ ಮಡಿಸಿ ಇಡುತ್ತಿದ್ದರು.

ನರ್ಸಮ್ಮ ಬೇಲಿಯಾಚೆಯಿಂದ ಇದನ್ನು ಕಂಡು, "ನರದ್ದು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಸಂಜೆಯೊಳಗೆ ಆ ಕಾಯಿಲೆ ಮೇಲಿನ ಮಹಡಿಯವರೆಗೂ ಹತ್ತಿತ್ತು, ಹತ್ತುವಾಗ ಮಹಡಿಗೊಂದಿಷ್ಟು ಉಲ್ಬಣಿಸಿಯೂ ಇತ್ತು. ಮೂರನೇ ಮಹಡಿಯವರು ಮಾಮನ ಮನೆಗೆ ಗಂಜಿ ಕಳಿಸಿದರು. ಮಾಮ ಸಂತೋಷವಾಗಿ ಕುಡಿದು, ಪಾತ್ರೆಗೆ 'ಮೂರನೇ ಮಹಡಿಯ ಪಾತ್ರೆ' ಎಂದು ಚೀಟಿ ಅಂಟಿಸಿ ವಾಪಸು ಕೊಟ್ಟರು.

ಶನಿವಾರ ಬೆಳಿಗ್ಗೆ ಅತ್ತೆಯ ಅಣ್ಣ ಬಂದರು. ಅವರು ನಿವೃತ್ತ ರೈಲ್ವೆ ಗಾರ್ಡು, ಆಳು ಬಾಗಿಲು ತುಂಬುವಷ್ಟು ಎತ್ತರ, ಮನಸ್ಸು ಬೆಣ್ಣೆ. ಯಾರು ಫೋನು ಮಾಡಿದ್ದರೆಂದು ನರ್ಸಮ್ಮನನ್ನು ಕೇಳಬಹುದು. ಕೈಯಲ್ಲಿ ಕಿತ್ತಳೆಯ ಬುಟ್ಟಿಯಿತ್ತು. ಅತ್ತೆ ಅಡುಗೆಮನೆಯಲ್ಲಿದ್ದರು. ಮಾಮನ ಜೊತೆ ಮುಂದಿನ ಉಪಾಯದ ಬಗ್ಗೆ ಗುಸುಗುಸು ನಡೆಸಲು ಹೋಗಿದ್ದ ನಾನೂ ಅಲ್ಲೇ ಕುರ್ಚಿಯಲ್ಲಿ ಸಿಕ್ಕಿಬಿದ್ದೆ.

"ಭಾವ, ನನಗೆ ಎಲ್ಲಾ ಗೊತ್ತಾಗಿದೆ. ಇನ್ನು ಮುಚ್ಚಿಡಬೇಡಿ" ಎಂದರು ಗಾರ್ಡಣ್ಣ.

ಮಾಮ ನನ್ನ ಕಡೆ ಒಮ್ಮೆ ದುರುಗುಟ್ಟಿ, ತಲೆ ತಗ್ಗಿಸಿದರು. "ಏನು ಮಾಡ್ಲಿ ಭಾವ. ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು."

"ತೋರಿಸಿದ್ರಾ?"

"ತೋರಿಸ್ದೆ. ಆಸೆ ಇಟ್ಕೋಬೇಡಿ ಅಂದ."

"ಒಬ್ಬ ಹೇಳಿದ್ರೆ ಆಯ್ತಾ? ಇನ್ನೊಬ್ಬರಿಗೆ ತೋರಿಸೋಣ."

"ಇವರೂ ನೋಡಿದ್ರು" ಎಂದು ಮಾಮ ನನ್ನನ್ನು ತೋರಿಸಿದರು. "ಇವರ ಕೈಯಲ್ಲೂ ಆಗ್ಲಿಲ್ಲ."

ಗಾರ್ಡಣ್ಣ ನನ್ನನ್ನು ನೋಡಿದರು. ನಾನು ವಿಮಾ ಕಚೇರಿಯವನೆಂದು ಅವರಿಗೆ ಗೊತ್ತು. ವಿಷಯ ವಿಮೆಯವನವರೆಗೆ ಬಂದಿದೆ ಎಂದಾಗ ಅವರು ಕಿತ್ತಳೆಯ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟರು.

"ತಂಗಿಗೆ ಹೇಳಿದ್ರಾ?"

"ಯಾವ ಬಾಯಲ್ಲಿ ಹೇಳ್ಲಿ? ಭಾನುವಾರದವರೆಗೆ ಹೇಗೋ ತಳ್ಳಿದ್ರೆ ಸಾಕು. ಮೊಮ್ಮಗಳು ಬಂದು ಹೋಗ್ಲಿ, ಆಮೇಲೆ ಏನಾದ್ರೂ ಆಗ್ಲಿ."

"ನಾಳೆವರೆಗಾ?" ಎಂದರು ಗಾರ್ಡಣ್ಣ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮರುಕ್ಷಣ ಅವರು ಮಾಮನನ್ನು ತಬ್ಬಿಕೊಂಡು, ಪ್ಲಾಟ್‌ಫಾರ್ಮಿನ ಆ ತುದಿಗೆ ಕೇಳಿಸುವ ಹಾಗೆ ಅತ್ತರು. ಮಾಮ ಅವರ ಬೆನ್ನು ತಟ್ಟುತ್ತ, "ಇಷ್ಟಕ್ಕೆಲ್ಲಾ ಅಳ್ತಾರಾ, ಹೊಸದು ತಂದ್ರಾಯ್ತು" ಎಂದು ಸಮಾಧಾನ ಹೇಳುತ್ತಿದ್ದರು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮೆಲ್ಲಗೆ ಬಂದು ಗಂಡನ ಎದುರು ಕೂತರು.

"ರೀ, ನನಗೆ ತಿಳಿಯಲ್ಲ ಅಂದ್ಕೊಂಡ್ರಾ? ಚೀಲ ಹಿಡ್ಕೊಂಡ್ರಿ, ಕೊಡೆ ಹಿಡಿದ್ರಿ, ಕೂತು ಕೈಮಾತು ಕಲಿತ್ರಿ. ಇವರು ನನ್ನ ಬಿಟ್ಟು ಹೋಗೋಕೆ ತಯಾರಿ ಮಾಡ್ತಿದ್ದಾರೆ ಅಂತ ನನಗೆ ಪಾರ್ಕಲ್ಲೇ ಅನ್ನಿಸ್ತು. ನಿದ್ದೆ ಬಿಟ್ಟು ನಿಮ್ಮ ಉಸಿರು ಕೇಳ್ತಾ ಮಲಗಿದ್ದೀನಿ. ಏನು ಕಾಯಿಲೆ, ಹೇಳಿ."

"ಯಾರಿಗೆ?" ಎಂದರು ಮಾಮ.

"ನಿಮಗೆ."

"ನನಗೆ ಶೀತ ಕೂಡ ಇಲ್ಲ. ಕೆಟ್ಟಿರೋದು ನಿನ್ನ ಕಂಪ್ಯೂಟರ್."

ಗಾರ್ಡಣ್ಣನ ಅಳು ಅರ್ಧಕ್ಕೆ ನಿಂತಿತು. ನಾನು ಇಡೀ ಕಥೆಯನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಅತ್ತೆ ಮೊದಲು ಕಣ್ಣೊರೆಸಿಕೊಂಡರು, ದೇವರೇ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಅವರ ಮುಖ ನಿಧಾನವಾಗಿ ಬದಲಾಯಿತು.

"ಹಾಗಾದ್ರೆ ಪಾರ್ಕಿಗೆ ಬಂದಿದ್ದು ಇದಕ್ಕಾ?"

"ಇದಕ್ಕೇ" ಎಂದರು ಮಾಮ. ಸ್ವಲ್ಪ ಬುದ್ಧಿಯಿರುವ ಯಾವ ಗಂಡನಾದರೂ ಇಲ್ಲಿ ಸುಳ್ಳು ಹೇಳುತ್ತಿದ್ದ.

"ಕೊಡೆ ಹಿಡಿದಿದ್ದು?"

"ನೀನು ಬೇಗ ಮನೆಗೆ ಹೋಗೋಣ ಅನ್ನಬಾರ್ದು ಅಂತ."

ಗಂಡ ಸಾಯುತ್ತಾನೆ ಎಂದುಕೊಂಡಾಗ ಇಲ್ಲದ ಒಂದು ಸೋಲು ಅತ್ತೆಯ ಮುಖದಲ್ಲಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು. "ಅದನ್ನ ತನ್ನಿ, ನೋಡೋಣ" ಎಂದಷ್ಟೇ ಅತ್ತೆ ಹೇಳಿದರು.

ಲ್ಯಾಪ್‌ಟಾಪು ತಂದು ಊಟದ ಮೇಜಿನ ಮೇಲಿಟ್ಟೆ. ಬಚ್ಚಿಡುವ ಕೆಲಸ ಮುಗಿದದ್ದರಿಂದ ನನಗೂ ತಲೆ ಓಡತೊಡಗಿತು. ಬ್ರೌಸರು ಮಾಡಿದವರು ಇಂಥವರಿಗಾಗಿಯೇ ಬರೆದಿಟ್ಟ ಸಹಾಯದ ಪುಟವನ್ನು ಫೋನಿನಲ್ಲಿ ಹುಡುಕಿ, ಈವರೆಗೆ ಅದನ್ನು ಓದದ ತಜ್ಞನ ಗಾಂಭೀರ್ಯದಲ್ಲಿ ಓದಿದೆ. ಪ್ರೊಫೈಲುಗಳನ್ನು ನೋಡಿಕೊಳ್ಳುವ ಒಂದು ಕಿಟಕಿ ಇದೆಯಂತೆ. ಅದನ್ನು ತೆರೆಸಿ, ಹೊಸದು ಮಾಡು ಎಂದು ಹೇಳಿ, ಆದರೆ ಹೊಸ ಜಾಗ ಕೊಡದೆ ಹಳೆಯ ಗಂಟಿರುವ ಫೋಲ್ಡರನ್ನೇ ತೋರಿಸಿಬಿಟ್ಟರೆ ಸಾಕಂತೆ. ಅದರ ಹೆಸರೇನಾದರೂ ಇರಲಿ, ಇದೇ ನೋಡು ಎಂದು ತೋರಿಸಿದರೆ ಬ್ರೌಸರು ಒಪ್ಪಿಕೊಳ್ಳುತ್ತದಂತೆ.

"ಹಳೆಯದು ಇದ್ರೆ ತಾನೇ ತೋರಿಸೋದು" ಎಂದೆ. ಫೋಲ್ಡರುಗಳು ತೆರೆದುಕೊಂಡವು. ಪರದೇಶಿ ಹೆಸರುಗಳ ನಡುವೆ, ಮೆರವಣಿಗೆಯಲ್ಲಿ ದಾರಿ ತಪ್ಪಿ ಸೇರಿಕೊಂಡವರ ಹಾಗೆ, ಒಂದು ಕನ್ನಡದ ಹೆಸರು ನಿಂತಿತ್ತು.

"ಬದಲಿ ಸಿಗದು. ಹೊರಗೆ ಕೊಡಬಾರದು" ಎಂದು ನಾನು ಗಟ್ಟಿಯಾಗಿ ಓದಿದೆ. "ಇದೇನು ಮಾಮ?"

"ಅದಾ? ಅದು ಇವಳದ್ದು. ಹಾಳು ಹೆಸರಿತ್ತು, ನಾನೇ ಸರಿ ಮಾಡ್ದೆ."

"ಯಾವಾಗ?"

"ಅವತ್ತೇ. ಕೆಡೋದಕ್ಕೆ ಸ್ವಲ್ಪ ಮುಂಚೆ."

ನಾನು ಹಣೆ ಹಿಡಿದುಕೊಂಡೆ. ಗಾರ್ಡಣ್ಣನಿಗೂ ಅರ್ಥವಾಯಿತು, ಕಿತ್ತಳೆ ಸುಲಿಯುತ್ತಿದ್ದವರು ನಿಲ್ಲಿಸಿದರು. ಅತ್ತೆ ಮಾತ್ರ ಪರದೆಯನ್ನೇ ನೋಡುತ್ತಿದ್ದರು.

"ಬದಲಿ ಸಿಗದು ಅಂತ ಯಾಕೆ ಬರೆದ್ರಿ?" ಎಂದು ಕೇಳಿದರು.

ಮಾಮನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಉಗ್ರಾಣದಲ್ಲಿ ಒಂದು ಕಪಾಟಿತ್ತು. ಕೆಲವು ಸಾಮಾನು ಇರ್ತವೆ, ಅದನ್ನ ಮಾಡ್ತಿದ್ದ ಕಂಪನೀನೇ ಇರಲ್ಲ. ಹೋದ್ರೆ ಹೋಯ್ತು, ಇನ್ನೊಂದು ಎಲ್ಲೂ ಸಿಗಲ್ಲ. ಅಂಥದ್ದಕ್ಕೆ ಆ ಚೀಟಿ. ಬೀಗದ ಕೈ ನನ್ನ ಹತ್ರಾನೇ, ಯಾರಿಗೂ ಕೊಡ್ತಿರ್ಲಿಲ್ಲ. ಇದು ನಿನ್ನದು ಅಂತ ಗೊತ್ತಾಯ್ತು. ನಿನ್ನದಕ್ಕೆ ಇನ್ನೇನು ಬರೀಬೇಕಿತ್ತು?"

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಸಕ್ಕರೆ ಮುಚ್ಚಳ ಅಂತ ಬರೀಲಿಲ್ವಲ್ಲ, ಪುಣ್ಯ" ಎಂದರು. ಆಮೇಲೆ ಬೆರಳಿಟ್ಟು ಆ ಹೆಸರನ್ನೇ ಒತ್ತಿದರು.

ಬ್ರೌಸರು ಒಂದು ಕ್ಷಣ ಯೋಚಿಸಿತು. ಮರುಕ್ಷಣ ಅತ್ತೆಯ ಪುಟಗಳೆಲ್ಲ ಹೋದ ದಾರಿಯಲ್ಲೇ ಮರಳಿ ಬಂದವು. ಪಾಠದ ಟೀಚರು ಅಂದು ಎಲ್ಲಿ ಕೈಯೆತ್ತಿ ನಿಂತಿದ್ದರೋ ಅಲ್ಲೇ ಕೈಯೆತ್ತಿ ನಿಂತಿದ್ದರು. ಪಾಸ್‌ವರ್ಡು ತಾನಾಗಿ ತುಂಬಿಕೊಂಡಿತು. ಹಳೆಯ ಹೆಸರು ವಾಪಸು ಬರೆಯೋಣವೇ ಎಂದು ನಾನು ಕೇಳಿದ್ದಕ್ಕೆ ಅತ್ತೆ, "ಅದರ ಸುದ್ದಿಗೆ ಹೋಗಬೇಡಿ, ಹಾಗೇ ಇರ್ಲಿ" ಎಂದು ಗದರಿಸಿದರು. ಅಂದು ಅವರು ಊಟಕ್ಕೂ ಏಳದೆ ಉಳಿದ ಪಾಠಗಳನ್ನು ಮುಗಿಸಿದರು. ಮಾಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಈ ಸಲ ಅವರಿಗೆ ಮುಚ್ಚಿಡಲು ಏನೂ ಇರಲಿಲ್ಲ.

ಭಾನುವಾರ ಮಗು ಬಂದಾಗ ಇಡೀ ಕಟ್ಟಡ ಏನೋ ನೆಪ ಮಾಡಿಕೊಂಡು ಆ ಬಾಗಿಲಲ್ಲಿತ್ತು. ನಾನಂತೂ ನೆಪವಿಲ್ಲದೆ ಒಳಗೇ ಇದ್ದೆ. ಮಗು ತಾಯಿಯ ಹಿಂದೆ ಅರ್ಧ ಅಡಗಿತ್ತು. ಅತ್ತೆ ಅದರ ಮುಂದೆ ನೆಲದ ಮೇಲೆ ಕೂತರು. ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿ ಹೇಳಿದರು. ಬಾ ಎಂದರಂತೆ, ನಿನ್ನನ್ನೇ ಕಾಯ್ತಿದ್ದೆ ಎಂದರಂತೆ, ದಾರೀಲಿ ಏನೇನು ನೋಡಿದೆ ಎಂದು ಕೇಳಿದರಂತೆ. ಇದನ್ನೆಲ್ಲ ಮಗಳು ಆಮೇಲೆ ನಮಗೆ ಹೇಳಿದಳು. ಆಗ ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತು ತಾಯಿಯ ಕೈಗಳನ್ನು ನೋಡುತ್ತ ನಿಂತಿದ್ದಳು.

ಮಗು ಅಜ್ಜಿಯ ಕೈ ನೋಡಿತು, ಮುಖ ನೋಡಿತು. ಆಮೇಲೆ ಅದರ ಕೈ ಬಿಚ್ಚಿಕೊಂಡಿತು. ಅಷ್ಟು ಮಾತು ಅಷ್ಟು ಸಣ್ಣ ಕೈಗಳಲ್ಲಿ ಎಲ್ಲಿತ್ತೋ. ಅತ್ತೆ ತಿಳಿದದ್ದಕ್ಕೆ ಉತ್ತರ ಕೊಟ್ಟರು, ತಿಳಿಯದಾಗ ಇನ್ನೊಮ್ಮೆ ಹೇಳು ಎಂದರು, ಮಗು ಇನ್ನೊಮ್ಮೆ ಹೇಳಿತು. ನರ್ಸಮ್ಮ ನನ್ನ ಕಿವಿಯಲ್ಲಿ, "ಇವರಿಗೂ ನರದ್ದು ಅಲ್ಲ ತಾನೇ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಣ್ಣೊರೆಸಿಕೊಂಡರು.

ಅಜ್ಜಿಯ ಕಡೆ ಮುಗಿಸಿ ಮಗು ಅಜ್ಜನ ಕಡೆ ತಿರುಗಿತು. ಮಾಮ ಸಿದ್ಧರಾಗಿದ್ದರು. ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು, ಅದು ಬೇಕಿಲ್ಲವೆಂದು ನೆನಪಾಗಿ, ಹಸಿವಾಗಿದೆಯಾ ಎಂದು ಕೇಳಿದರು. ಬೆರಳುಗಳು ಎಲ್ಲೋ ಸಿಕ್ಕಿಹಾಕಿಕೊಂಡವು. ಬಿಡಿಸಿಕೊಂಡು ಮತ್ತೆ ಕೇಳಿದರು. ಮಗು ತಲೆ ಓರೆ ಮಾಡಿ ಪೂರ್ತಿ ನೋಡಿ, ತಾಯಿಗೆ ಏನೋ ಹೇಳಿತು. ಮಗಳಿಗೆ ನಗು ತಡೆಯಲಾಗಲಿಲ್ಲ.

"ಏನಂತೆ?" ಎಂದರು ಮಾಮ.

"ಅಜ್ಜನ ಕೈ ತೊದಲುತ್ತೆ ಅಂತಾಳಪ್ಪ."

ಮಾಮನ ಮುಖ ಸಣ್ಣದಾಯಿತು. "ತೊದಲಿದ್ರೆ ಅವಳಿಗೆ ಅರ್ಥ ಆಗಲ್ವಾ? ಕೇಳು."

ಮಗಳು ಕೈಯಲ್ಲಿ ಕೇಳಿದಳು. ಮಗು ಅಜ್ಜನ ಹತ್ತಿರ ಬಂದು, ಎದುರಿನ ಕುರ್ಚಿ ಹತ್ತಿ, ಸರಿಯಾಗಿ ಕೂತು, ಉತ್ತರ ಹೇಳಿತು.

"ಅರ್ಥ ಆಗುತ್ತಂತೆ. ನಿಧಾನಕ್ಕೆ ಹೇಳು, ನಾನು ಕಾಯ್ತೀನಿ ಅಂತಾಳೆ."

ಮಾಮ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಮೊದಲಿನಿಂದ ಶುರು ಮಾಡಿದರು. ಮಗು ಕಾಯಿತು.